ಅರ್ಧ ಬೆಲೆಯ ಹಲ್ಲು

ನನ್ನ ಬಾಯಿಂದ ಮೂವತ್ತು ಹಲ್ಲುಗಳನ್ನು ಒಂದೇ ಬೆಳಿಗ್ಗೆ ಕಿತ್ತರು. ಪಕ್ಕದ ಕಣಿವೆಯವರು ಇಪ್ಪತ್ತೆರಡು ಎನ್ನುತ್ತಾರೆ, ಅವರಿಗೆ ಹೊಟ್ಟೆಕಿಚ್ಚು. ಕೊನೆಯ ದವಡೆಹಲ್ಲಿಗೆ ಬರುವಷ್ಟರಲ್ಲಿ ಹಲ್ಲಿನ ಡಾಕ್ಟರು ಕೋಟು ಬಿಚ್ಚಿ, ಒಂದು ಮೊಣಕಾಲನ್ನು ನನ್ನ ಎದೆಗೆ ಊರಿ, ನರ್ಸಿಗೆ ತನ್ನ ಸೊಂಟ ಹಿಡಿದು ಎಳೆ ಎಂದರು. ಹಲ್ಲು ಕಿತ್ತು ಬಂದಾಗ ಇಬ್ಬರೂ ಹೋಗಿ ಎದುರುಗೋಡೆಗೆ ಬಡಿದರು. ನಾನು ಎದ್ದು, ಬಾಯಿಗೆ ಟವೆಲು ಒತ್ತಿಕೊಂಡು, ಎರಡು ಮೈಲಿ ಏರುದಾರಿ ನಡೆದು ಮನೆಗೆ ಬಂದು ಗಂಡನ ಗಣಿ ಬಟ್ಟೆ ಒಗೆದು ಹಾಕಿದೆ. ಇದರಲ್ಲಿ ಬಟ್ಟೆ ಒಗೆದದ್ದು ಮಾತ್ರ ನಿಜ ಎಂದು ನನ್ನ ಮಗಳು ಹೇಳುತ್ತಾಳೆ. ಅವಳು ಸರ್ಕಾರಿ ನೌಕರಳು, ಅವಳಿಗೆ ಹಾಗೆ ಹೇಳುವುದೇ ಅಭ್ಯಾಸ.

ಅದು ಐವತ್ತೊಂದನೇ ಇಸವಿಯ ಜನವರಿ. ವೇಲ್ಸಿನ ಕಲ್ಲಿದ್ದಲ ಗಣಿಗಳು ಮಾಲೀಕರ ಕೈತಪ್ಪಿ ಸರ್ಕಾರದ್ದಾಗಿ ಆಗಲೇ ನಾಲ್ಕು ವರ್ಷ. ಡಾಕ್ಟರು, ಔಷಧಿ, ಕನ್ನಡಕ, ಹಲ್ಲು ಎಲ್ಲವೂ ಪುಕ್ಕಟೆಯಾಗಿ ಎರಡೂವರೆ ವರ್ಷ. ನಮ್ಮ ನಾಂಟ್‌ವೆರ್ನ್ ಕಣಿವೆಯಲ್ಲಿ ಅಷ್ಟರಲ್ಲಿ ಕನ್ನಡಕವಿಲ್ಲದ ಕುರಿ ಸಿಕ್ಕುವುದೂ ಕಷ್ಟವಾಗಿತ್ತು. ನಾನು ಮಾತ್ರ ಹಲ್ಲುನೋವನ್ನು ನುಂಗಿಕೊಂಡು ತಡಮಾಡಿದ್ದೆ. ಡಾಕ್ಟರು, ವಸಡು ಗಟ್ಟಿಯಾಗಲು ನಾಲ್ಕೈದು ತಿಂಗಳು ಬೇಕು, ಮೇ ಕೊನೆಯ ವಾರ ಬಂದರೆ ಅಚ್ಚು ತೆಗೆದು ಹೊಸ ಹಲ್ಲು ಮಾಡಿಸೋಣ ಎಂದರು. ಆಗಸ್ಟಿನಲ್ಲಿ ನಮ್ಮ ಪ್ರಾರ್ಥನಾಮಂದಿರ ಚಾಪೆಲಿನ ದೊಡ್ಡ ಗಾಯನ. ಹದಿನೇಳು ವರ್ಷದಿಂದ ಅಲ್ಲಿ ಕೆಳಸ್ಥಾಯಿಯಲ್ಲಿ ಹಾಡುವ ಹೆಂಗಸರ ಮುಂದಾಳು ನಾನು. ನಾನು ಬಾಯಿ ತೆರೆದರೆ ಮೂರು ಕಣಿವೆಯಾಚೆ ನಾಯಿಗಳು ಕೂತುಕೊಳ್ಳುತ್ತಿದ್ದವು. ಹಲ್ಲಿಲ್ಲದೆ ಹಾಡಿದರೆ 'ಸ' ಎಲ್ಲ ಸಿಳ್ಳೆಯಾಗಿ ಹೊರಬರುತ್ತದೆ. ಆದರೆ ಆಗಸ್ಟಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು.

ನಮ್ಮ ಮನೆಯಲ್ಲಿ ನಾಲ್ಕು ಜನ. ನನ್ನ ಗಂಡ ಎಲ್ಫೆಡ್ ಪ್ರಾಬರ್ಟ್ ಕಲ್ಲಿದ್ದಲು ಕಡಿಯುವವನು, ಗಣಿಯ ಸಂಘಕ್ಕೆ ಹನ್ನೊಂದು ವರ್ಷದಿಂದ ಅಧ್ಯಕ್ಷ. ಸಂಘದ ನಿಯಮಗಳ ಪುಸ್ತಕ ಅವನಿಗೆ ಬಾಯಿಪಾಠ. ಮದುವೆಯ ದಿನ ಪಾದ್ರಿ ನನ್ನ ಒಪ್ಪಿಗೆ ಕೇಳಿದಾಗ, ಅನುಮೋದಿಸುವವರು ಯಾರು ಎಂದು ಹಿಂದಿರುಗಿ ನೋಡಿದ ಮನುಷ್ಯ. ಅವನ ಅಪ್ಪ ಗೋಮರ್, ಎಪ್ಪತ್ತಾರು ವರ್ಷ, ಎದೆಯಲ್ಲಿ ಐವತ್ತು ವರ್ಷದ ಕಲ್ಲಿದ್ದಲ ಪುಡಿ. ಅವರು ಉಸಿರೆಳೆದರೆ ಮೇಲಿನ ಬೀದಿಯವರು ರೈಲು ಬಂತೆಂದು ಟೋಪಿ ಹಾಕಿಕೊಳ್ಳುತ್ತಾರೆ. ಮಗಳು ನೆಸ್ಟಾಳಿಗೆ ಇಪ್ಪತ್ತು. ಹಲ್ಲಿನ ಆಸ್ಪತ್ರೆಯಲ್ಲಿ ಕಿಟಕಿಯ ಹಿಂದೆ ಕೂತು ಫಾರಂ ತುಂಬಿಸುವ ಕೆಲಸ ಅವಳದು. ನಾನು ಕೈನ್‌ವೆನ್, ಗಣಿಬಾಯಿಯ ಕ್ಯಾಂಟೀನಿನಲ್ಲಿ ದಿನಕ್ಕೆ ಆರುನೂರು ಗಂಡಸರಿಗೆ ಟೀ, ಮಾಂಸದ ಕಡುಬು ಬಡಿಸುವವಳು. ಜಗಳವನ್ನೂ ನಾನೇ ಬಡಿಸುತ್ತೇನೆ, ಅದಕ್ಕೆ ರೇಷನ್ ಇಲ್ಲ.

ಏಪ್ರಿಲಿನಲ್ಲಿ ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದೆವು. ಕುರಿಯ ಮೂಳೆ, ಲೀಕ್ ಸೊಪ್ಪು, ಆಲೂಗೆಡ್ಡೆ ಹಾಕಿ ಕುದಿಸಿದ ಸಾರು. ಆ ವರ್ಷ ರೇಷನ್ನಿನಲ್ಲಿ ಕೊಡುತ್ತಿದ್ದ ಮಾಂಸ ಎಷ್ಟಿತ್ತೆಂದರೆ, ಕಿಟಕಿ ತೆರೆದಿಟ್ಟು ಸೀನಿದರೆ ಹಾರಿಹೋಗುತ್ತಿತ್ತು. ರೇಡಿಯೋದಲ್ಲಿ ಬಜೆಟ್ಟಿನ ಸುದ್ದಿ ಬಂತು. ಕೊರಿಯಾದ ಯುದ್ಧ, ತೋಪು, ವಿಮಾನ, ಖರ್ಚು. ಆದ್ದರಿಂದ ಇನ್ನು ಮುಂದೆ ಕನ್ನಡಕಕ್ಕೂ ಕಟ್ಟಿಸುವ ಹಲ್ಲಿಗೂ ಜನ ಅರ್ಧ ಬೆಲೆ ಕೊಡಬೇಕು. ಕಾಯ್ದೆ ಪಾರ್ಲಿಮೆಂಟಿಗೆ ಬರಲಿದೆ.

ನಾನು ಚಮಚ ಕೆಳಗಿಟ್ಟೆ. ಎಲ್ಫೆಡ್ ಚಮಚ ಕೆಳಗಿಡಲಿಲ್ಲ, ಆದರೆ ಊಟ ಮಾಡುವುದು ನಿಲ್ಲಿಸಿದ.

"ಇದು ತಾತ್ಕಾಲಿಕ," ಎಂದ.

"ಎಷ್ಟು ದಿನ ತಾತ್ಕಾಲಿಕ?"

"ದೇಶ ಕಷ್ಟದಲ್ಲಿದೆ, ಕೈನ್‌ವೆನ್. ದುಡ್ಡು ಎಲ್ಲಿಂದಾದ್ರೂ ಬರಬೇಕಲ್ಲ."

"ನನ್ನ ವಸಡಿನಿಂದಲೇ ಬರಬೇಕಾ?"

ಮಾವ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು, ಕೆಮ್ಮು ನಿಲ್ಲುವ ತನಕ ನಾವೆಲ್ಲ ಕಾದೆವು. ಆಮೇಲೆ ಹೇಳಿದರು. "ಮುದುಕಿಯರ ಹಲ್ಲು ಮಾರಿ ತೋಪು ಕೊಳ್ಳೋ ಸಮಾಜವಾದ ನಾನೆಲ್ಲೂ ಕೇಳಿರಲಿಲ್ಲ ಕಣೋ."

"ಅಪ್ಪ, ಇದು ನಮ್ಮ ಸರ್ಕಾರ."

"ನಮ್ಮದಾದ್ರೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತು."

ನೆಸ್ಟಾ ತಟ್ಟೆಯಿಂದ ತಲೆಯೆತ್ತದೆ ತನ್ನ ವಾದ ಹೂಡಿದಳು. ಕಿಟಕಿಯ ಹಿಂದೆ ಕೂರುವವಳಿಗೇ ಗೊತ್ತು ಜನ ಏನು ಮಾಡುತ್ತಾರೆಂದು. ಒಬ್ಬ ಎರಡು ಜೊತೆ ಹಲ್ಲು ಮಾಡಿಸಿಕೊಂಡ, ವಾರದ ದಿನಕ್ಕೊಂದು, ಭಾನುವಾರದ ಚಾಪೆಲಿಗೊಂದು. ಇನ್ನೊಬ್ಬಳು ಸತ್ತ ಅಕ್ಕನ ಹೆಸರಿನಲ್ಲಿ ಕನ್ನಡಕ ಕೇಳಿದಳು. ಹಲ್ಲಿನ ಡಾಕ್ಟರುಗಳು ಮೂರು ವರ್ಷದಲ್ಲಿ ಕಾರು ಕೊಂಡರು. ಪುಕ್ಕಟೆ ಎಂದ ಮೇಲೆ ಸ್ವಲ್ಪವಾದರೂ ಲಗಾಮು ಬೇಡವೇ ಎಂದು ಅವಳ ಪ್ರಶ್ನೆ. ಡಾಕ್ಟರು ಕಾರು ಕೊಂಡರೆ ಡಾಕ್ಟರಿಗೆ ಲಗಾಮು ಹಾಕಲಿ, ನನ್ನ ಬಾಯಿಗೆ ಯಾಕೆ ಎಂದು ನಾನು.

ಎಲ್ಫೆಡ್ ಮೆತ್ತಗಾದ. ತನ್ನ ಹೊಗೆಸೊಪ್ಪು ಬಿಟ್ಟು ಆ ದುಡ್ಡನ್ನು ಹಲ್ಲಿಗೆ ಕೊಡುತ್ತೇನೆಂದ. ಹೊಗೆಸೊಪ್ಪು ಬಿಡುವುದೆಂದರೆ ಅವನಿಗೆ ಒಂದು ಕಾಲು ಬಿಟ್ಟಂತೆ. ಮಾತು ನನ್ನನ್ನು ಮುಟ್ಟಲಿಲ್ಲ ಎಂದರೆ ಸುಳ್ಳಾಗುತ್ತದೆ.

"ನೀನು ಬಿಟ್ಟೆ, ನನಗೆ ಹಲ್ಲು ಬಂತು. ಮೇಲಿನ ಬೀದಿಯ ವಿಧವೆಗೆ ಯಾರು ಹೊಗೆಸೊಪ್ಪು ಬಿಡ್ತಾರೆ?" ಎಂದೆ. "ಕೇಳ್ಕೋ ಎಲ್ಫೆಡ್. ಕೀಳೋವಾಗ ಪುಕ್ಕಟೆ, ಕಟ್ಟೋವಾಗ ದುಡ್ಡು, ಇದು ನಂಗೆ ಬೇಡ. ಪುಕ್ಕಟೆ ಬರೋದಾದ್ರೆ ಬರಲಿ, ಇಲ್ಲದಿದ್ರೆ ಈ ಬಾಯಿ ಹೀಗೇ ಮಣ್ಣಿಗೆ ಹೋಗ್ಲಿ."

ಮಾರನೆಯ ದಿನದಿಂದ ಅಡುಗೆಮನೆ ನನ್ನ ಕೋಟೆಯಾಯಿತು. ಅಗಿಯಲು ನನ್ನಿಂದಾಗದ್ದು ಆ ಮನೆಯಲ್ಲಿ ಬೇಯುವುದಿಲ್ಲ ಎಂದು ಸಾರಿದೆ. ಬೆಳಿಗ್ಗೆ ಬೆಣ್ಣೆ ಸವರಿ ಬಿಸಿ ಟೀಯಲ್ಲಿ ನೆನೆಸಿದ ಬ್ರೆಡ್ಡು. ಮಧ್ಯಾಹ್ನ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಸಂಜೆ ಸೋಸಿದ ಸಾರು, ಹಿಸುಕಿದ ಆಲೂಗೆಡ್ಡೆ, ಹಿಸುಕಿದ ಬಟಾಣಿ. ಭಾನುವಾರ ಇಡೀ ಬ್ರಿಟನ್ ಚೂರು ಮಾಂಸವನ್ನು ಹುರಿದು ತಿನ್ನುವಾಗ ನಾನು ನಮ್ಮ ಚೂರನ್ನು ಬಟ್ಟೆಯಷ್ಟು ಮೆತ್ತಗಾಗುವವರೆಗೆ ಬೇಯಿಸಿ ಅರೆದು ಹಾಕಿದೆ. ಎರಡು ವಾರದಲ್ಲಿ ಎಲ್ಫೆಡ್ ಎಷ್ಟು ಸೊರಗಿದನೆಂದರೆ ಅವನ ಬೆಲ್ಟು ಎರಡು ಸುತ್ತು ಬರುತ್ತಿತ್ತು. ಮನೆಯಲ್ಲಿ ಸಿಗದ್ದನ್ನು ಗಣಿಯಲ್ಲಿ ತಿನ್ನೋಣವೆಂದು ಕ್ಯಾಂಟೀನಿನ ಸಾಲಿನಲ್ಲಿ ನಿಂತ. ಸಾಲಿನ ಕೊನೆಯಲ್ಲಿ ಸೌಟು ಹಿಡಿದು ನಿಂತವಳು ನಾನು. ಅವನ ತಟ್ಟೆಗೆ ಬಿದ್ದದ್ದು ಸೂಪು.

"ಎಲ್ಲರಿಗೂ ಕಡುಬು ಹಾಕ್ತಿದ್ದೀಯ," ಎಂದ ಮೆಲ್ಲಗೆ.

"ಅವರ್ಯಾರೂ ಅರ್ಧ ಬೆಲೆಯ ಪರ ಮಾತಾಡಿಲ್ಲ."

ಹಿಂದಿನವರು ನಕ್ಕರು. ಅವನು ಸೂಪು ಕುಡಿದು ಗಣಿಗೆ ಇಳಿದುಹೋದ. ಅಧ್ಯಕ್ಷನ ಗತ್ತು ಬಿಡಲಿಲ್ಲ, ತಟ್ಟೆ ತಂದು ಸರಿಯಾದ ಜಾಗದಲ್ಲೇ ಇಟ್ಟ.

ಮಾವ ಒಂದು ಸಲ ಕರುಣೆ ತೋರಿದರು. ತಮ್ಮದೇ ಹಲ್ಲಿನ ಜೊತೆಯನ್ನು ಲೋಟದಿಂದೆತ್ತಿ, ಒರೆಸಿ, ಗಾಯನಕ್ಕೆ ಬೇಕಾದರೆ ಹಾಕಿಕೊಂಡು ಹೋಗು ಎಂದು ಕೊಟ್ಟರು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಗಣಿಯ ಕುದುರೆಗಳನ್ನು ಮೇಲೆ ತಂದು ನಿವೃತ್ತಿ ಕೊಟ್ಟಿದ್ದಾರಲ್ಲ, ಅವುಗಳಲ್ಲಿ ಒಂದು ನನ್ನ ಪ್ರಾರ್ಥನೆಯ ಟೋಪಿ ಹಾಕಿಕೊಂಡು ನಿಂತಂತಿತ್ತು. ನೆಸ್ಟಾ ನಗುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನೂ ನಕ್ಕೆ. ನಗುವಾಗ ಕೈ ತಾನಾಗಿ ಬಾಯಿಗೆ ಅಡ್ಡ ಹೋಯಿತು. ಜನವರಿಯಿಂದ ಹಾಗಾಗಿತ್ತು. ನೆಸ್ಟಾ ಅದನ್ನು ನೋಡಿದಳು, ನಗು ನಿಲ್ಲಿಸಿದಳು.

ಅವತ್ತು ಸಂಜೆ ಪಾತ್ರೆ ಒರೆಸುತ್ತ ಅವಳು ನನ್ನ ಹತ್ತಿರ ಬಂದು ನಿಂತಳು.

"ಅಮ್ಮ, ನಿನ್ನ ಫಾರಂ ನನ್ನ ಡ್ರಾಯರಿನಲ್ಲಿದೆ. ಈ ವಾರ ಡಾಕ್ಟರು ಅಚ್ಚು ತೆಗೆಯೋರ ಪಟ್ಟಿಗೆ ನಿನ್ನ ಹೆಸರು ಸೇರಿಸ್ತೀನಿ. ವಸಡು ಪೂರ್ತಿ ಗಟ್ಟಿಯಾಗಿಲ್ಲ, ಆದ್ರೂ ನಡೆಯತ್ತೆ. ಕಾಯ್ದೆ ಬರೋದರೊಳಗೆ ಮುಗಿದುಹೋಗತ್ತೆ. ಒಂದು ಕಾಸೂ ಇಲ್ಲ."

"ಪಟ್ಟಿ ತುಂಬಿದೆ ಅಂತಿದ್ದೆ."

"ತುಂಬಿದೆ."

"ಮತ್ತೆ ನನ್ನ ಹೆಸರು ಎಲ್ಲಿ ಸೇರಿಸ್ತೀಯ?"

ಅವಳು ಒಂದು ತಟ್ಟೆಯನ್ನೇ ಮೂರು ಸಲ ಒರೆಸಿದಳು. ಕಡೆಗೆ ಬಾಯಿಬಿಟ್ಟಳು. ಕಾಯ್ದೆಗೆ ಹೆದರಿ ಇಡೀ ಕಣಿವೆ ಸಾಲುಗಟ್ಟಿದೆ. ಒಬ್ಬರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗಬೇಕು. ಕೊನೆಯ ಹೆಸರು ಮೇಲಿನ ಬೀದಿಯ ಯೂನಿಸ್ ಟಿಲ್ ಎಂಬಾಕೆಯದು, ಗಂಡ ಗಣಿಯ ಮಾಡು ಕುಸಿದು ಸತ್ತವಳು. ನಾನು ಎರಡು ಮೂರು ವಾರದಿಂದ ಮಾತಿಗೆ ಮಾತು ತಂದು ಹಾಕುತ್ತಿದ್ದ ವಿಧವೆ ಅವಳೇ.

ಬೇಡ ಎಂದೆ. ನೆಸ್ಟಾಳಿಗೆ ಸಿಟ್ಟು ಬಂತು. ಈ ಮನೆಯಲ್ಲಿ ಹುಟ್ಟಿದಾಗಿನಿಂದ ತತ್ವದ ಸಾರನ್ನೇ ಕುಡಿಯುತ್ತಿದ್ದೇನೆ, ಅಪ್ಪನದೊಂದು ತತ್ವ, ನಿನ್ನದೊಂದು, ಆಗಸ್ಟಿನಲ್ಲಿ ಆ ತತ್ವ ಹಾಕಿಕೊಂಡು ಹಾಡು ಎಂದು ಬಟ್ಟೆ ಎಸೆದು ಹೊರಟುಹೋದಳು. ಯೂನಿಸ್‌ಳ ಹೆಸರನ್ನು ಮಾತ್ರ ಅವಳು ಪಟ್ಟಿಯಿಂದ ತೆಗೆಯಲಿಲ್ಲ.

ಮೂಲೆಯ ಕುರ್ಚಿಯಿಂದ ಎಲ್ಲ ಕೇಳಿಸಿಕೊಂಡ ಮಾವ ಹಳೆಯ ಕಾಲ ತೆಗೆದರು. ಸರ್ಕಾರ ಕಣ್ಣು ಬಿಡುವ ಎಷ್ಟೋ ಮೊದಲೇ ಈ ಕಣಿವೆಯ ಗಣಿಗಾರರು ವಾರವಾರ ಸಂಬಳದಿಂದ ಚಿಲ್ಲರೆ ಕೂಡಿಸಿ ತಮ್ಮದೇ ಡಾಕ್ಟರನ್ನು ಇಟ್ಟುಕೊಂಡಿದ್ದರು. ಮಾವ ಆ ಸಮಿತಿಯಲ್ಲಿದ್ದರು. ಕೆಲಸವಿಲ್ಲದ ವರ್ಷಗಳಲ್ಲಿ ಚಿಲ್ಲರೆ ಕೊಡಲಾಗದವನ ಮಗುವಿಗೂ ಡಾಕ್ಟರು ಹೋಗುತ್ತಿದ್ದರು.

"ಪುಕ್ಕಟೆ ಅನ್ನೋ ಮಾತೇ ತಪ್ಪು, ಕೈನ್‌ವೆನ್," ಎಂದರು. "ಪುಕ್ಕಟೆ ಅಂದ ತಕ್ಷಣ ಭಿಕ್ಷೆ ಅನ್ಕೊಳ್ತಾರೆ. ನಾವು ಗಟ್ಟಿಯಾಗಿದ್ದಾಗಲೇ ಕೊಟ್ಟಿರ್ತೀವಿ. ಈಗ ನೀನು ಸರ್ಕಾರದ ವಿಮೆ ಕಾರ್ಡಿಗೆ ವಾರವಾರ ಸಂಬಳದಿಂದ ಸ್ಟಾಂಪು ಅಂಟಿಸ್ತೀಯಲ್ಲ, ಅದೇನು ಚಿತ್ರ ಚೆನ್ನಾಗಿದೆ ಅಂತಾನಾ?"

ಕಾರ್ಡು ಎಂದದ್ದೇ ತಡ, ನನಗೆ ಇನ್ನೊಂದು ಕಾರ್ಡಿನ ನೆನಪಾಯಿತು.

ಮೂರು ವರ್ಷದ ಹಿಂದೆ ಎಲ್ಫೆಡ್ ಒಂದು ಜಾಣತನ ಮಾಡಿದ್ದ. ಆರುನೂರು ಸದಸ್ಯರಿದ್ದ ಗಣಿಗೆ ವಲಯದ ಸಮ್ಮೇಳನದಲ್ಲಿ ಒಬ್ಬ ಪ್ರತಿನಿಧಿ ಹೆಚ್ಚು. ನಮ್ಮ ಗಣಿಯಲ್ಲಿದ್ದವರು ಐನೂರ ತೊಂಬತ್ತೊಂದು. ಅವನು ಕ್ಯಾಂಟೀನಿಗೆ ಬಂದು, ನೀವೂ ಗಣಿಯ ನೌಕರರೇ ತಾನೆ ಎಂದು ನಗುನಗುತ್ತ ಹನ್ನೊಂದು ಹೆಂಗಸರಿಗೆ ಸಂಘದ ಸದಸ್ಯತ್ವ ಬರೆದುಕೊಟ್ಟ. ಪ್ರತಿನಿಧಿ ಸಿಕ್ಕ. ಆಮೇಲೆ ನಮ್ಮನ್ನು ಯಾರೂ ಸಭೆಗೆ ಕರೆಯಲಿಲ್ಲ, ನಾವೂ ಹೋಗಲಿಲ್ಲ; ಸಭೆಯ ದಿನ ಟೀ ಕೊಟ್ಟು ಹಿಂದಿನ ಬಾಗಿಲಿನಿಂದ ಮನೆಗೆ ಹೋಗುತ್ತಿದ್ದೆವು. ಸದಸ್ಯರಾದವರು ಮಾತಾಡಬಹುದು, ಕೈ ಎತ್ತಬಹುದು ಎಂಬುದು ಕೊಟ್ಟವನಿಗೂ ಹೊಳೆದಿರಲಿಲ್ಲ, ತೆಗೆದುಕೊಂಡವರಿಗೂ ಹೊಳೆದಿರಲಿಲ್ಲ. ನನ್ನ ಕಾರ್ಡು ಸಕ್ಕರೆ ಡಬ್ಬದ ಕೆಳಗೆ ಹಾಸಿಕೊಂಡಿತ್ತು.

ಅಂಟಂಟಾದ ಆ ಕಾರ್ಡನ್ನು ಒರೆಸಿ ಕ್ಯಾಂಟೀನಿಗೆ ಒಯ್ದೆ. ಈರುಳ್ಳಿ ಹೆಚ್ಚುತ್ತ ಹನ್ನೊಂದೂ ಜನ ಸೇರಿ ಒಂದು ಗೊತ್ತುವಳಿ ಬರೆದೆವು. ಹಲ್ಲಿಗೂ ಕನ್ನಡಕಕ್ಕೂ ಬೆಲೆ ಹಾಕುವುದನ್ನು ಈ ಗಣಿಯ ಸಂಘ ಒಪ್ಪುವುದಿಲ್ಲ, ಸರ್ಕಾರ ಆ ಕಾಯ್ದೆಯನ್ನು ಕೈಬಿಡಬೇಕು. ಬುಧವಾರದೊಳಗೆ ಕಾರ್ಯದರ್ಶಿಗೆ ತಲುಪಿದರೆ ಶನಿವಾರದ ಸಭೆಯಲ್ಲಿ ಚರ್ಚೆಗೆ ಇಡಲೇಬೇಕು ಎಂಬುದು ನಿಯಮ. ಅಧ್ಯಕ್ಷನ ಜೊತೆ ಇಪ್ಪತ್ತೇಳು ವರ್ಷ ಮಲಗಿದವಳಿಗೆ ಅಷ್ಟೂ ನಿಯಮ ಗೊತ್ತಿರುವುದಿಲ್ಲವೇ.

ಕಾರ್ಯದರ್ಶಿ ಸಿರಿಲ್ ಒಳ್ಳೆಯ ಮನುಷ್ಯ, ಧೈರ್ಯ ಕಡಿಮೆ. ಬುಧವಾರ ಸಂಜೆ ನಮ್ಮ ಬಾಗಿಲು ತಟ್ಟಿ, ಕಾಗದವನ್ನು ಟೋಪಿಯೊಳಗಿಂದ ತೆಗೆದು ಎಲ್ಫೆಡ್‌ನ ಕೈಗಿಟ್ಟು, ಟೀ ಬೇಡವೆಂದು ಓಡಿಹೋದ. ಎಲ್ಫೆಡ್ ಓದಿದ. ಕೆಳಗಿನ ಸಹಿ ನೋಡಿದ. ನಿಯಮದ ಪುಸ್ತಕ ತೆಗೆದು ಕೂತ. ಬುಧವಾರ ಸಂಜೆ ಓದಿದ, ಗುರುವಾರ ಸಂಜೆ ಓದಿದ. ನಾನು ಸಾಕ್ಸು ಹೊಲಿಯುತ್ತ ಕೂತಿದ್ದೆ.

"ನಿನ್ನನ್ನ ಹೊರಗಿಡೋ ನಿಯಮ ಇದ್ದಿದ್ರೆ ಇಷ್ಟು ಹೊತ್ತಿಗೆ ಸಿಗಬೇಕಿತ್ತು," ಎಂದ.

"ಇಲ್ವಾ?"

"ಇಲ್ಲ." ಪುಸ್ತಕ ಮುಚ್ಚಿದ. "ಮೂವತ್ತು ವರ್ಷ ಒದ್ದಾಡಿ ಈ ಸರ್ಕಾರ ತಂದ್ವಿ, ಕೈನ್‌ವೆನ್. ಆಚೆಯೋರು ಅದು ಬೀಳೋದನ್ನೇ ಕಾಯ್ತಿದ್ದಾರೆ. ಮೊದಲ ಕಲ್ಲು ನನ್ನ ಮನೆಯಿಂದಲೇ ಹೋಗಬೇಕಾ?"

"ಕುರ್ಚಿಯಿಂದ ಇಳಿದು ಬಂದು ಹಾಗಂತ ಹೇಳು. ಎದುರಿಗೆ ನಿಂತು ಮಾತಾಡು."

"ಕುರ್ಚಿ ಬಿಟ್ಟು ಇಳಿದ್ರೆ ಗಂಡ ಹೆಂಡತಿ ಜಗಳ ಅಂತಾರೆ. ಕೂತಿರ್ತೀನಿ. ಬಾಯಿ ಬಿಡಲ್ಲ. ಅಲ್ಲಿ ನಾನು ನಿನ್ನ ಗಂಡ ಅಲ್ಲ, ನೆನಪಿರಲಿ."

"ನಾನೂ ನಿನ್ನ ಹೆಂಡತಿ ಅಂತ ಬರ್ತಿಲ್ಲ. ಐನೂರ ತೊಂಬತ್ತೇಳನೇ ಸದಸ್ಯೆ ಅಂತ ಬರ್ತಿದ್ದೀನಿ."

ಮೇ ತಿಂಗಳ ಮೊದಲ ಶನಿವಾರ, ಪಾಳಿ ಮುಗಿದ ಮೇಲೆ ಸಂಘದ ಸಭಾಭವನದಲ್ಲಿ ಸಭೆ. ಎಂದೂ ಐವತ್ತು ಜನ ಸೇರದ ಸಭೆಗೆ ಅಂದು ಹತ್ತು ಸಾವಿರ ಬಂದಿದ್ದರು. ಸಿರಿಲ್ ಇನ್ನೂರ ಇಪ್ಪತ್ತನಾಲ್ಕು ಎಂದು ಬರೆದುಕೊಂಡ. ನಾವು ಹನ್ನೊಂದು ಜನ ಕ್ಯಾಂಟೀನಿಗೆ ಬೀಗ ಹಾಕಿ, ಏಪ್ರನ್ ಬಿಚ್ಚದೆ ಮಧ್ಯದ ದಾರಿಯಲ್ಲಿ ನಡೆದುಹೋಗಿ ಮೊದಲ ಸಾಲಿನಲ್ಲಿ ಕೂತೆವು. ಮೊದಲ ಸಾಲಿನಲ್ಲಿ ಕೂತಿದ್ದವರು ಎದ್ದರು. ಎದ್ದದ್ದು ಗೌರವಕ್ಕೋ ಭಯಕ್ಕೋ ನಾನು ಕೇಳಲಿಲ್ಲ. ಮಾವ ನಿವೃತ್ತರಾದ್ದರಿಂದ ಮತವಿಲ್ಲದೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಉಸಿರಾಡುತ್ತಿದ್ದರು.

ಮೊದಲು ಎದುರಾಗಿ ಎದ್ದವನು ವಿಂಡಮ್. ಮೂವತ್ತು ವರ್ಷದ ಗಟ್ಟಿ ಆಳು, ಒಳ್ಳೆಯ ಮಾತುಗಾರ, ಎಲ್ಫೆಡ್‌ಗೆ ಮಗನಂತಿದ್ದವನು. ಎಲ್ಫೆಡ್ ಹೇಳಬೇಕೆಂದಿದ್ದದ್ದನ್ನೆಲ್ಲ ಅವನು ಹೇಳಿದ. ಸರ್ಕಾರ ಪಾರ್ಲಿಮೆಂಟಿನಲ್ಲಿ ಐದಾರು ಮತದ ಮೇಲೆ ನಿಂತಿದೆ. ಗಣಿಗಾರರೇ ಅದನ್ನು ತಳ್ಳಿದರೆ ಅದು ಬೀಳುತ್ತದೆ. ಬಿದ್ದರೆ ಬರುವವರು ಯಾರು? ಇಪ್ಪತ್ತಾರನೇ ಇಸವಿಯಲ್ಲಿ ಏಳು ತಿಂಗಳು ನಮ್ಮ ಅಪ್ಪಂದಿರನ್ನು ಗಣಿಯ ಹೊರಗೆ ಹಾಕಿ ಬೀಗ ಜಡಿದವರ ಸ್ನೇಹಿತರು. ನಾಲ್ಕು ಪೌಂಡಿನ ಹಲ್ಲಿಗಾಗಿ ಇಡೀ ಗಣಿಯನ್ನು ಮಾರೋಣವೇ ಎಂದು ಕೇಳಿ ಕೂತ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ, ಗಣಿಗಾರರ ಸಭೆಯಲ್ಲಿ ಅದು ಪವಾಡ.

ನಾನು ಎದ್ದೆ. "ಅಧ್ಯಕ್ಷರೇ," ಎಂದೆ. ಗಾಳಿ ವಸಡಿನ ಸಂದಿಯಲ್ಲಿ ನುಗ್ಗಿ ಸಿಳ್ಳೆ ಬಂತು. ಹಿಂದಿನ ಸಾಲುಗಳಲ್ಲಿ ನಗು ಶುರುವಾಯಿತು. ಬಾಯಿಗೆ ಅಡ್ಡ ಬರಲಿದ್ದ ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿದೆ. ನಗು ಮುಗಿಯುವವರೆಗೆ ಪೂರ್ತಿ ಬಾಯಿ ತೆರೆದು ಎಲ್ಲರಿಗೂ ತೋರಿಸಿದೆ, ಎಡಕ್ಕೊಂದು ಸಲ, ಬಲಕ್ಕೊಂದು ಸಲ. ನಗು ನಿಂತಿತು.

"ವಿಂಡಮ್ ಸುಳ್ಳು ಹೇಳಲಿಲ್ಲ," ಎಂದೆ. "ಅವರು ವಾಪಸು ಬರ್ತಾರೆ ಅನ್ನೋ ಹೆದರಿಕೆ ನಂಗೂ ಇದೆ. ಇಪ್ಪತ್ತಾರರಲ್ಲಿ ಇದೇ ಕಟ್ಟಡದಲ್ಲಿ ನಿಮ್ಮಲ್ಲಿ ಅರ್ಧ ಜನಕ್ಕೆ ಗಂಜಿ ಬಡಿಸಿದೋಳು ನಾನು. ಆದ್ರೆ ಗಣಿಯಲ್ಲಿ ಮಾಡಿಗೆ ಕೊಟ್ಟ ಕಂಬ ತೆಗೆಯೋವಾಗ ಯಾವುದರಿಂದ ಶುರು ಮಾಡ್ತೀರಿ? ದಪ್ಪದ್ದರಿಂದಲಾ? ಚಿಕ್ಕದ್ದು, ಮೂಲೆಯದ್ದು, ಹೋದ್ರೆ ಹೋಯ್ತು ಅನ್ನೋದ್ರಿಂದ. ನನ್ನ ಹಲ್ಲು ಆ ಮೂಲೆಯ ಕಂಬ. ಆಮೇಲೆ ಔಷಧಿ ಬಾಟಲಿಗೆ ಬರ್ತಾರೆ. ಆಮೇಲೆ ಡಾಕ್ಟರಿಗೆ. ಆಚೆಯೋರು ಬಂದು ತೆಗೆದ್ರೆ ನಾವು ಕೂಗಬಹುದಿತ್ತು. ನಮ್ಮೋರೇ ತೆಗೆದಿಟ್ಟ ಮೇಲೆ ಏನಂತ ಕೂಗ್ತೀರಿ?"

ಯಾರೋ ಹಿಂದಿನಿಂದ, ಪುಕ್ಕಟೆ ಎಲ್ಲಿಂದ ತರೋದು ಎಂದರು.

"ಪುಕ್ಕಟೆ ಯಾವನು ಕೇಳ್ದ? ವಾರವಾರ ಸ್ಟಾಂಪು ಅಂಟಿಸಿದ್ದೀನಿ. ಈ ಹಲ್ಲಿಗೆ ಆಗಲೇ ಕೊಟ್ಟಾಗಿದೆ. ಎರಡನೇ ಸಲ ಕೊಡಲ್ಲ."

ಕೂತೆ. ನಾನು ಮಾತಾಡಿದ್ದಕ್ಕೆ ಸಭಾಭವನದ ಗಡಿಯಾರ ನಿಂತಿತೆಂದು ಈಗಲೂ ಹೇಳುತ್ತಾರೆ. ಹೇಳುವವಳು ನಾನೇ, ಆದರೂ ಹೇಳುತ್ತಾರೆ.

ಎಲ್ಫೆಡ್ ಬಿಳಿಚಿಕೊಂಡು ಕೂತಿದ್ದ. ಕೈ ಎತ್ತಿರಿ ಎಂದ. ಸಿರಿಲ್ ಎಣಿಸಿದ. ಇನ್ನೊಮ್ಮೆ ಎಣಿಸಿದ. ಪರ ನೂರ ಹನ್ನೊಂದು, ವಿರೋಧ ನೂರ ಹನ್ನೊಂದು. ಇಬ್ಬರು ಯಾವ ಕಡೆಯೂ ಎತ್ತಿರಲಿಲ್ಲ, ಒಬ್ಬ ಎಲ್ಫೆಡ್, ಇನ್ನೊಬ್ಬ ಎಣಿಸುತ್ತಿದ್ದ ಸಿರಿಲ್.

ಸಮನಾದರೆ ಅಧ್ಯಕ್ಷನ ಒಂದು ಮತ. ಆ ಮತವನ್ನು ಅವನು ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. ಇದ್ದದ್ದನ್ನು ಇದ್ದಂತೆ ಬಿಡುವ ಕಡೆಗೆ ಹಾಕಬೇಕು. ಗಣಿಯ ಸಂಘಗಳಲ್ಲಿ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ, ಮೀರಿದವರಿಲ್ಲ. ಹೊಸ ಗೊತ್ತುವಳಿ ತಂದವರು ಸಮವಾದರೆ ಸೋತರೆಂದೇ ಲೆಕ್ಕ. ವಿಂಡಮ್ ಕಡೆಯವರು ಆಗಲೇ ಟೋಪಿ ಹಾಕಿಕೊಳ್ಳುತ್ತಿದ್ದರು. ನಮ್ಮ ಸಾಲಿನಲ್ಲಿ ಒಬ್ಬಳು ಅಳಲು ಶುರುಮಾಡಿದಳು. ನಾನು ಅವಳ ಕಾಲು ತುಳಿದೆ.

ಎಲ್ಫೆಡ್ ಎದ್ದು ನಿಂತ. ನನ್ನನ್ನು ನೋಡಲಿಲ್ಲ, ಸಿರಿಲ್‌ನನ್ನು ನೋಡಿದ.

"ಕಾರ್ಯದರ್ಶಿಗಳೇ, ಈ ಕಾಯ್ದೆ ಪಾಸಾಗಿದೆಯಾ?"

"ಇಲ್ಲ ಅಧ್ಯಕ್ಷರೇ. ಇನ್ನೂ ಪಾರ್ಲಿಮೆಂಟಿನಲ್ಲೇ ಇದೆ."

"ಹಾಗಾದ್ರೆ ಇವತ್ತು, ಶನಿವಾರ ಮಧ್ಯಾಹ್ನ, ಈ ದೇಶದಲ್ಲಿ ಒಂದು ಜೊತೆ ಹಲ್ಲಿಗೆ ಎಷ್ಟು ಕೊಡಬೇಕು?"

ಸಿರಿಲ್ ಕಾಗದ ತಿರುವಿದ, ಅಲ್ಲಿ ಏನೂ ಇರಲಿಲ್ಲ. "ಏನೂ ಇಲ್ಲ," ಎಂದ.

"ಅದನ್ನ ಬರ್ಕೊಳ್ಳಿ. ಸಮ ಆದಾಗ ಇದ್ದದ್ದನ್ನು ಇದ್ದ ಹಾಗೆ ಬಿಡೋದು ಅಧ್ಯಕ್ಷನ ಕೆಲಸ. ಇವತ್ತು ಇರೋದು ಏನೂ ಕೊಡಬೇಕಾಗಿಲ್ಲ ಅನ್ನೋದು. ಅದು ಹಾಗೇ ಇರಲಿ ಅಂತ ನನ್ನ ಮತ. ಗೊತ್ತುವಳಿ ಪಾಸಾಗಿದೆ."

ಆಮೇಲಿನ ಗದ್ದಲಕ್ಕೆ ಗಣಿಯೊಳಗೆ ಮುನ್ನೂರು ಅಡಿ ಕೆಳಗೆ ಪಂಪು ನೋಡುತ್ತಿದ್ದವರು ಮೇಲಕ್ಕೆ ಫೋನು ಮಾಡಿದರಂತೆ. ವಿಂಡಮ್ ವೇದಿಕೆಯ ಹತ್ತಿರ ಹೋಗಿ, ಮೋಸ ಮಾಡಿದ್ರಿ ಎಂದ. ಎಲ್ಫೆಡ್ ಅವನಿಗೆ ನಿಯಮದ ಪುಸ್ತಕ ತೆರೆದು ಕೊಟ್ಟು, ಓದಿಕೊಂಡು ಸೋಮವಾರ ತಂದುಕೊಡು ಎಂದ.

ಮನೆಗೆ ನಾವು ರಸ್ತೆಯ ಎರಡು ಬದಿಯಲ್ಲಿ ನಡೆದುಬಂದೆವು. ಬಾಗಿಲ ಹತ್ತಿರ ಅವನು ನಿಂತ.

"ನಾನು ನಿನ್ನ ಮಾತಿಗೆ ಒಪ್ಪಿದೆ ಅನ್ಕೋಬೇಡ. ನಿಯಮಕ್ಕೆ ಒಪ್ಪಿದೆ."

"ಗೊತ್ತು," ಎಂದೆ. ಒಳಗೆ ಹೋಗಿ, ಕಾಯ್ದಿರಿಸಿದ್ದ ಮಾಂಸವನ್ನೆಲ್ಲ ತೆಗೆದು, ಮೇಲ್ಪದರ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಬೇಕು, ಮುರಿದರೆ ಇಡೀ ಬೀದಿಗೆ ಕೇಳಬೇಕು ಎಂಬಂಥ ಒಂದು ಕಡುಬು ಬೇಯಿಸಿದೆ. ಅವನು ತಿಂದ. ನಾನು ಅದರ ಒಳಗಿನ ರಸದಲ್ಲಿ ಬ್ರೆಡ್ಡು ನೆನೆಸಿಕೊಂಡೆ.

ನಮ್ಮ ಗೊತ್ತುವಳಿ ಕಾರ್ಡಿಫಿಗೆ ಹೋಯಿತು, ಅಲ್ಲಿಂದ ಲಂಡನ್ನಿಗೆ ಹೋಯಿತು. ಲಂಡನ್ನಿನಿಂದ ತಲುಪಿದೆ ಎಂದು ಎರಡು ಸಾಲಿನ ಕಾಗದ ಬಂತು. ಅದೇ ವಾರ ಕಾಯ್ದೆ ಪಾಸಾಯಿತು. ವಲಯದ ನಾಯಕರು ಎಲ್ಫೆಡ್‌ನನ್ನು ಕರೆಸಿಕೊಂಡು ಹೆಂಡತಿಯ ಸೆರಗು ಹಿಡಿದ ಅಧ್ಯಕ್ಷ ಎಂದು ಬೈದರಂತೆ. ಅವನು ಅಲ್ಲಿಯೂ ನಿಯಮ ಓದಿ ಬಂದ. ಚಾಪೆಲಿನ ಗಾಯನದ ಮೇಷ್ಟರು ತುಂಬ ವಿನಯದಿಂದ, ಆಗಸ್ಟಿನವರೆಗೆ ಹಲ್ಲು ಬಾರದಿದ್ದರೆ ನಾನು ಹಿಂದಿನ ಸಾಲಿಗೆ ಹೋಗಬೇಕಾದೀತು ಎಂದು ಹೇಳಿಕಳಿಸಿದರು. ನಾನು ಹಿಂದಿನ ಸಾಲಿನಿಂದ ಹಾಡಿದರೆ ಮುಂದಿನ ಸಾಲಿನವರ ಟೋಪಿ ಹಾರುತ್ತದೆ, ಪಿನ್ನು ಚುಚ್ಚಿಕೊಂಡು ಬರಲಿ ಎಂದು ಉತ್ತರ ಕಳಿಸಿದೆ. ಕಳಿಸಿದ ಮೇಲೆ ಅವತ್ತು ಕೆಲಸಕ್ಕೆ ಬೇಗ ಹೋದೆ, ಮನೆಯಲ್ಲಿ ಕೂರಲು ಆಗಲಿಲ್ಲ.

ಮೇ ಕೊನೆಯ ವಾರ ನನ್ನ ವಸಡು ನೋಡುವ ದಿನ ಬಂತು. ಎಲ್ಫೆಡ್ ಬೆಳಿಗ್ಗೆ ಟೀ ಕುಡಿಯುತ್ತ, ನೀನು ಗೆದ್ದಾಗಿದೆ, ಇನ್ನು ಹಲ್ಲು ಹಾಕಿಸಿಕೊಂಡರೆ ಯಾರೂ ಏನೂ ಅನ್ನಲಾರರು ಎಂದ. ಅವನು ಹೊಗೆಸೊಪ್ಪು ಬಿಟ್ಟು ಒಂದು ತಿಂಗಳಾಗಿತ್ತು, ನನಗೆ ಹೇಳಿರಲಿಲ್ಲ. ಅವನ ಬಟ್ಟೆ ಒಗೆಯುವವಳಿಗೆ ಹೇಳುವ ಅಗತ್ಯವೂ ಇಲ್ಲ. ನಾನು ಅವನ ತಲೆ ಸವರಿ, ಜೇಬಿನಲ್ಲಿದ್ದದ್ದನ್ನು ಜೇಬಿನಲ್ಲೇ ಇಟ್ಟುಕೊ, ಸಂಜೆ ಹೊಗೆಸೊಪ್ಪು ಕೊಂಡುಕೊ ಎಂದೆ.

ಆಸ್ಪತ್ರೆಯಲ್ಲಿ ಸಾಲು ಬಾಗಿಲಾಚೆಗೆ ಬಂದಿತ್ತು. ನನ್ನ ಸರದಿ ಬಂದಾಗ ಕಿಟಕಿಯ ಹಿಂದೆ ನೆಸ್ಟಾ, ಬಿಳಿ ಕಾಲರು, ಮಸಿ ಕಲೆಯಿಲ್ಲದ ಬೆರಳು.

"ಹೆಸರು?"

"ನಿಮ್ಮಮ್ಮ."

"ಹೆಸರು ಹೇಳಿ. ಹಿಂದೆ ಜನ ಇದ್ದಾರೆ."

ಹೇಳಿದೆ. ಅವಳು ಹೊಸ ಫಾರಂ ಓದಿದಳು, ಓದುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. ಮೇಲಿನದು, ಕೆಳಗಿನದು, ಒಟ್ಟು ಬೆಲೆ, ನಾನು ಕೊಡಬೇಕಾದ ಅರ್ಧ. ಒಪ್ಪಿಗೆಯಿದ್ದರೆ ಕೆಳಗೆ ಸಹಿ.

"ಒಪ್ಪಿಗೆ ಇಲ್ಲ," ಎಂದೆ. "ಹಾಗಂತ ಬರಿ. ಮಸಿಯಲ್ಲಿ."

ನೆಸ್ಟಾ ಫಾರಂ ತಿರುವಿ ಹಿಂದೆ ನೋಡಿದಳು, ಮುಂದೆ ನೋಡಿದಳು. "ಒಪ್ಪಿಗೆ ಇಲ್ಲ ಅನ್ನೋಕೆ ಇದರಲ್ಲಿ ಕಾಲಂ ಇಲ್ಲ. ಸಹಿ ಹಾಕದಿದ್ರೆ ಇದನ್ನ ಹರಿದು ಬುಟ್ಟಿಗೆ ಹಾಕಬೇಕು ಅಂತ ಹೇಳಿದ್ದಾರೆ."

"ಹಾಗಾದ್ರೆ ನಾನು ಇಲ್ಲಿಗೆ ಬಂದೇ ಇಲ್ಲ ಅಂತಾಯ್ತು."

"ಹೌದು. ಹಾಗಾಗತ್ತೆ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ಬಾಯಿಗೆ ಕೈ ಅಡ್ಡ ಇಟ್ಟಿರಲಿಲ್ಲ. ಒಳಗಿನ ಕೋಣೆಯಿಂದ ಡಾಕ್ಟರು, ಯಾಕೆ ತಡ ಎಂದು ಕೇಳಿದರು. ನೆಸ್ಟಾ ಡ್ರಾಯರು ಎಳೆದು ಸ್ಕೇಲು ತೆಗೆದಳು. ಫಾರಮ್ಮಿನ ಅಂಚಿನಲ್ಲಿ ಮೇಲಿನಿಂದ ಕೆಳಗೆ ನೇರವಾಗಿ ಒಂದು ಗೆರೆ ಎಳೆದಳು, ಅದರ ತಲೆಯ ಮೇಲೆ ತನ್ನ ಮುತ್ತಿನಂಥ ಅಕ್ಷರದಲ್ಲಿ 'ಕೊಡಲು ನಿರಾಕರಿಸಿದವರು' ಎಂದು ಬರೆದಳು, ಕೆಳಗೆ ನನ್ನ ಪೂರ್ತಿ ಹೆಸರು, ತಾರೀಖು, ಸಮಯ. ಮಸಿ ಹೀರುವ ಕಾಗದ ಇಟ್ಟು ಒತ್ತಿದಳು. ಹರಿಯಲಿಲ್ಲ, ಫೈಲಿಗೆ ಸೇರಿಸಿದಳು.

ನನ್ನ ಹಿಂದೆ ನಿಂತಿದ್ದವಳು ಕ್ಯಾಂಟೀನಿನವಳಲ್ಲ, ನಮ್ಮ ಬೀದಿಯವಳೂ ಅಲ್ಲ, ನಾನು ಎಂದೂ ಕಂಡವಳಲ್ಲ. ಅವಳು ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ನನಗೂ ಆ ಕಾಲಂ ಹಾಕಮ್ಮ ಎಂದಳು.

"ಹೆಸರು?" ಎಂದಳು ನೆಸ್ಟಾ. ಸ್ಕೇಲು ಅವಳ ಕೈಯಲ್ಲೇ ಇತ್ತು.